ಅತ್ತೆಯ ಟ್ರಂಕಿನಲ್ಲಿದ್ದ 231 ನೃತ್ಯ ಪ್ರೋಗ್ರಾಂಗಳು: ಜೂನ್‌ನಿಂದ ನವೆಂಬರ್‌ವರೆಗಿನ ಕೆಲಸದ ದಿನಚರಿ

ಮಾಟುಂಗಾದ ನಮ್ಮ ಮನೆಯಲ್ಲಿ ಅಡುಗೆಮನೆಯ ಲಾಫ್ಟಿನ ಮೇಲೆ ಒಂದು ಕಬ್ಬಿಣದ ಟ್ರಂಕ್ ಇತ್ತು. ನನ್ನ ಸೋದರತ್ತೆಯದು. ಅತ್ತೆಗೆ ಈಗ 87. ಹದಿನೈದನೇ ವಯಸ್ಸಿನಿಂದ ಮುಂಬೈಯಲ್ಲಿ ನೋಡಿದ ಪ್ರತಿ ನೃತ್ಯದ ಪ್ರೋಗ್ರಾಂ ಪುಸ್ತಿಕೆಯನ್ನೂ ಅವರು ಅದರಲ್ಲಿ ಇಟ್ಟಿದ್ದರು. ಬ್ಯಾಲೆ, ಭರತನಾಟ್ಯ, ಕಥಕ್, ಮಣಿಪುರಿ, ಊರಿನಿಂದ ಬಂದ ಯಕ್ಷಗಾನ ಮೇಳಗಳ ಹ್ಯಾಂಡ್‌ಬಿಲ್, ಅರಂಗೇಟ್ರಂ ಕಾರ್ಡುಗಳು, ಎಲ್ಲವೂ. ಈ ಮಳೆಗಾಲದಲ್ಲಿ ಅದಕ್ಕೆ ನೀರು ನುಗ್ಗಿತು. ಆಮೇಲೆ ನಾನು ಮಾಡಿದ್ದು, ಕೆಡಿಸಿದ್ದು, ಮತ್ತೆ ಸರಿಮಾಡಿದ್ದು ಎಲ್ಲ ಇಲ್ಲಿದೆ. ನಿಮ್ಮ ಮನೆಯಲ್ಲೂ ಇಂಥ ಟ್ರಂಕ್ ಇದ್ದರೆ ಜೂನ್ 14 ಮತ್ತು ಜುಲೈ 20ರ ಭಾಗ ಖಂಡಿತ ಓದಿ.

ಜೂನ್ 14

ಮೊದಲ ಜೋರು ಮಳೆ. ಬೆಳಿಗ್ಗೆ ಲಾಫ್ಟಿನ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಟ್ರಂಕ್ ಇಳಿಸಿ ನೋಡಿದರೆ ಮುಚ್ಚಳದ ಒಂದು ಕಡೆ ತುಕ್ಕು ಹಿಡಿದು ತೂತಾಗಿದೆ. ತಳದಲ್ಲಿ ಎರಡು ಇಂಚು ನೀರು.

ನೆಲದ ಮೇಲೆ ಹಳೆ ಬೆಡ್‌ಶೀಟ್ ಹಾಸಿ ಮೂರು ಗುಂಪು ಮಾಡಿದೆ. ಪೂರ್ತಿ ನೆನೆದದ್ದು 38. ತೇವ ಹಿಡಿದು ಬೂಷ್ಟು ಬಂದದ್ದು 64. ಒಣಗಿಯೇ ಇದ್ದದ್ದು 129. ಒಟ್ಟು 231.

ಈ ದಿನದ ತಪ್ಪನ್ನು ಮೊದಲು ಹೇಳುತ್ತೇನೆ. ಅದನ್ನು ಇನ್ನೂ ಸರಿಮಾಡಲು ಆಗಿಲ್ಲ. ನೆನೆದ 38ರಲ್ಲಿ ಒಂಬತ್ತು ಪುಸ್ತಿಕೆಗಳು ಆರ್ಟ್ ಪೇಪರಿನವು, ಆ ನುಣುಪಾದ ಹೊಳೆಯುವ ಕಾಗದ. ಅವು ಒಂದರ ಮೇಲೊಂದು ಅಂಟಿಕೊಂಡು ಇದ್ದವು. ಒದ್ದೆಯಲ್ಲಿ ಎಳೆದರೆ ಹರಿಯುತ್ತದೆ, ಮೊದಲು ಒಣಗಲಿ, ಆಮೇಲೆ ಬಿಡಿಸೋಣ ಎಂದುಕೊಂಡೆ. ಫ್ಯಾನಿನ ಕೆಳಗೆ ಕಟ್ಟನ್ನು ಹಾಗೇ ಇಟ್ಟೆ.

ಮರುದಿನ ಬೆಳಿಗ್ಗೆ ಅದು ಮೂರೂವರೆ ಸೆಂಟಿಮೀಟರ್ ದಪ್ಪದ ಒಂದು ಹಲಗೆಯಾಗಿತ್ತು. ಆರ್ಟ್ ಪೇಪರಿನ ಮೈಗೆ ಜೇಡಿಮಣ್ಣಿನಂಥ ಪುಡಿಯನ್ನು ಅಂಟಿನ ಜೊತೆ ಸವರಿರುತ್ತಾರೆ. ನೀರು ತಾಗಿದರೆ ಅದು ಮೆತ್ತಗಾಗುತ್ತದೆ. ಎರಡು ಹಾಳೆ ತಾಗಿಕೊಂಡೇ ಒಣಗಿದರೆ ಒಂದೇ ಆಗಿಬಿಡುತ್ತದೆ. ಮಾಡಬೇಕಾಗಿದ್ದು ಉಲ್ಟಾ ಕೆಲಸ. ಒದ್ದೆ ಇರುವಾಗಲೇ, ಎಷ್ಟು ಹೊತ್ತಾದರೂ ಸರಿ, ಹಾಳೆ ಹಾಳೆಗೂ ಮಧ್ಯೆ ಮೇಣದ ಕಾಗದ ಸೇರಿಸಬೇಕಿತ್ತು. ಅಷ್ಟು ಕೈ ಇಲ್ಲದಿದ್ದರೆ ಒದ್ದೆಯಾಗಿಯೇ ಜಿಪ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿ ಇಡಬೇಕಿತ್ತು. ಮಂಜುಗಟ್ಟಿದ ಕಾಗದ ಇನ್ನೂ ಕೆಡುವುದಿಲ್ಲ, ಯೋಚನೆ ಮಾಡಲು ಸಮಯ ಸಿಗುತ್ತದೆ. ನಮ್ಮ ಫ್ರೀಜರ್ ಆ ಕಟ್ಟಿನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು.

ಉಳಿದ 29 ಸಾಧಾರಣ ಕಾಗದದವು. ಅವನ್ನು ಬಿಡಿಸಿ ಬ್ಲಾಟಿಂಗ್ ಪೇಪರಿನ ಮಧ್ಯೆ ಇಟ್ಟೆ. ಅಬ್ದುಲ್ ರೆಹಮಾನ್ ಸ್ಟ್ರೀಟಿನಿಂದ 30 ಶೀಟ್ ತಂದೆ, ಶೀಟಿಗೆ 22 ರೂಪಾಯಿ. ಎರಡು ಗಂಟೆಗೊಮ್ಮೆ ಬದಲಾಯಿಸಿದೆ.

ಇಲ್ಲೂ ಒಂದು ಎಡವಟ್ಟಾಯಿತು. ಯಕ್ಷಗಾನದ ಹ್ಯಾಂಡ್‌ಬಿಲ್‌ಗಳನ್ನು ಗುಲಾಬಿ, ಹಳದಿ ಬಣ್ಣದ ತೆಳು ಕಾಗದದಲ್ಲಿ ಅಚ್ಚು ಹಾಕಿಸುತ್ತಿದ್ದರು, ಅಲ್ವಾ? ಆ ಬಣ್ಣ ನೀರಿಗೆ ಬಿಡುತ್ತದೆ. ಒಂದು ಗುಲಾಬಿ ಹ್ಯಾಂಡ್‌ಬಿಲ್ ಪಕ್ಕದ ಬಿಳಿ ಕಾರ್ಡಿಗೆ ಪೂರ್ತಿ ಬಣ್ಣ ಬಳಿಯಿತು. ಬಣ್ಣದ ಕಾಗದಕ್ಕೆ ಬೇರೆಯೇ ಸಾಲು ಮಾಡಿ.

ಜೂನ್ 22 – ಜುಲೈ 7

ಒಣಗಿದ ಪುಸ್ತಿಕೆಗಳಲ್ಲಿ ಸಿಲ್ವರ್‌ಫಿಶ್ ಹುಳ ಓಡಾಡುತ್ತಿತ್ತು. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿದ್ದರೂ ಹೀಗೆ. ಫ್ರೀಜರಿನಿಂದ ತೆಂಗಿನತುರಿಯ ಡಬ್ಬಗಳನ್ನೆಲ್ಲ ಹೊರಗೆ ತೆಗೆದೆ. ಹತ್ತು ಹತ್ತು ಪುಸ್ತಿಕೆಗಳನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಮೈನಸ್ 18 ಡಿಗ್ರಿಯಲ್ಲಿ 15 ದಿನ ಇಟ್ಟೆ. ಹೊರಗೆ ತೆಗೆದ ಮೇಲೆ ಚೀಲವನ್ನು ಒಂದು ಪೂರ್ತಿ ದಿನ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿರುವ ಕಾಗದದ ಮೇಲೆ ಮುಂಬೈಯ ಗಾಳಿಯ ನೀರೆಲ್ಲ ಬಂದು ಕೂರುತ್ತದೆ. ಹುಳ ಸತ್ತಿತ್ತು. ಬೂಷ್ಟು ಮಾತ್ರ ಫ್ರೀಜರಿನಲ್ಲಿ ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತದೆ.

ಜುಲೈ 9

ಬೂಷ್ಟು ಬಂದ 64ನ್ನು ಹಾಲಿನಲ್ಲಿ ಕೂತು ಬ್ರಶ್ಶಿನಿಂದ ಗುಡಿಸತೊಡಗಿದೆ. ಸೆಕೆ ಅಂತ ಮೇಲೆ ಫ್ಯಾನ್ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಆ ಪುಡಿಯೆಲ್ಲ ಪಕ್ಕದಲ್ಲಿದ್ದ ಶುದ್ಧ ಪುಸ್ತಿಕೆಗಳ ಮೇಲೆ ಹರಡಿತ್ತು. ನನಗೆ ನಾಲ್ಕು ದಿನ ಗಂಟಲು ಕಟ್ಟಿತು. ಮನೆಯಲ್ಲಿ 87 ವರ್ಷದವರಿದ್ದಾರೆ ಎನ್ನುವುದು ಆಮೇಲೆ ಹೊಳೆಯಿತು. ಆ ತಪ್ಪು ನನ್ನನ್ನು ತುಂಬ ಕಾಡಿತು.

ಮತ್ತೆ ಶುರು ಮಾಡಿದ್ದು ಬಾಲ್ಕನಿಯಲ್ಲಿ. ಎನ್-95 ಮಾಸ್ಕ್, ಫ್ಯಾನ್ ಬಂದ್, ಒಳಗಿನ ಬಾಗಿಲು ಮುಚ್ಚಿ. ಪಕ್ಕದ ಮನೆಯವರ, ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರ್ ಕೇಳಿ ತಂದೆ. ಅದರ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಮೆತ್ತನೆಯ ಅಗಲ ಬ್ರಶ್ಶಿನಿಂದ ಪುಡಿಯನ್ನು ಆ ಬಾಯಿಯ ಕಡೆಗೇ ತಳ್ಳಿದೆ. ದಿನಕ್ಕೆ ಎಂಟೇ ಮುಗಿಯುತ್ತಿತ್ತು. ಬೂಷ್ಟು ಪೂರ್ತಿ ಒಣಗಿ ಪುಡಿಯಾದ ಮೇಲಷ್ಟೇ ಬ್ರಶ್ ಮುಟ್ಟಿಸಬೇಕು. ತೇವ ಇದ್ದರೆ ಕಾಗದದೊಳಕ್ಕೆ ತಿಕ್ಕಿಹೋಗುತ್ತದೆ.

ಜುಲೈ 20

ಇದನ್ನು ಬರೆಯಲು ಕಷ್ಟ.

ಅತ್ತೆಯ ಹತ್ತಿರ ಲಿಟಲ್ ಬ್ಯಾಲೆ ಟ್ರೂಪ್‌ನ ‘ರಾಮಾಯಣ’ದ ಪ್ರೋಗ್ರಾಂ ಇದೆ. ಶಾಂತಿ ಬರ್ಧನ್ 1952ರಲ್ಲಿ ಇದೇ ಊರಿನಲ್ಲಿ ಆ ತಂಡ ಕಟ್ಟಿದರು. ಅವರು ಅಲ್ಮೋಡಾದಲ್ಲಿ ಉದಯ ಶಂಕರ್ ಅವರ ಕೇಂದ್ರದಲ್ಲಿದ್ದವರು, ಆಮೇಲೆ ಇಪ್ಟಾ ಎನ್ನುವ ಜನರಂಗಭೂಮಿ ಸಂಘದ ತಂಡಕ್ಕೆ ನೃತ್ಯ ಕಟ್ಟಿದವರು. ‘ರಾಮಾಯಣ’ದಲ್ಲಿ ಕುಣಿಯುವವರೆಲ್ಲ ಸೂತ್ರದ ಗೊಂಬೆಗಳ ಹಾಗೆ ಚಲಿಸುತ್ತಾರೆ. ಶಾಂತಿ ಬರ್ಧನ್ 1954ರಲ್ಲೇ ಕ್ಷಯದಿಂದ ತೀರಿಕೊಂಡರು. ಅವರ ಹೆಂಡತಿ ಗುಲ್ ಬರ್ಧನ್ ತಂಡವನ್ನು ನಡೆಸಿಕೊಂಡು ಹೋದರು. ಮುಂದೆ ಅದು ಗ್ವಾಲಿಯರಿಗೆ, ಅಲ್ಲಿಂದ ಭೋಪಾಲಿಗೆ ಹೋಯಿತು. ಅಂಥ ಕಾಗದ ನನ್ನ ಕೈಯಲ್ಲಿತ್ತು.

ಅಂಚಿನಲ್ಲೆಲ್ಲ ಬೂದು ಕಲೆ. ವಿನೈಲ್ ರಬ್ಬರನ್ನು ತುರಿಮಣೆಯಲ್ಲಿ ತುರಿದು, ಆ ಪುಡಿಯನ್ನು ಕಾಗದದ ಮೇಲೆ ಉದುರಿಸಿ ಬೆರಳಿನಿಂದ ಮೆಲ್ಲಗೆ ಸುತ್ತಿಸಿದೆ. ಇದು ಒಳ್ಳೆಯ ವಿಧಾನವೇ. ಕೊಳೆ ಚೆನ್ನಾಗಿ ಬಂತು. ಒಂದು ಕಡೆ ಗೀಚಿದ ಹಾಗೆ ಏನೋ ಇತ್ತು, ಅದೂ ಹೋಯಿತು. ಪುಟ ಬೆಳ್ಳಗಾಯಿತು. ಖುಷಿಯಿಂದ ಅತ್ತೆಗೆ ತೋರಿಸಿದೆ.

ಅತ್ತೆ ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. “ಇದರಲ್ಲಿ ನಾನು ಬರೆದದ್ದಿತ್ತಲ್ಲ. ಅದು ಎಲ್ಲಿ ಹೋಯ್ತು ಮಗಾ?” ಅಂದರು.

ಆಗ ಗೊತ್ತಾಯಿತು. ಅತ್ತೆ ಪ್ರತಿ ಪ್ರದರ್ಶನದಲ್ಲೂ ಕತ್ತಲಲ್ಲೇ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದರು. ಯಾರು ಬರಲಿಲ್ಲ, ಅವರ ಜಾಗದಲ್ಲಿ ಯಾರು ಕುಣಿದರು, ಯಾವ ಐಟಂ ಬಿಟ್ಟರು, ಎಲ್ಲಿ ಚಪ್ಪಾಳೆ ಬಿತ್ತು, ಎಷ್ಟು ಹೊತ್ತಿಗೆ ಮುಗಿಯಿತು. ಅಚ್ಚಾದ ಪ್ರೋಗ್ರಾಂ ಒಂದು ವಾರ ಮೊದಲೇ ಪ್ರೆಸ್ಸಿಗೆ ಹೋಗಿರುತ್ತದೆ. ಅದರಲ್ಲಿರುವುದು ನಡೆಯಬೇಕಾಗಿದ್ದದ್ದು. ಆ ಸಂಜೆ ನಿಜವಾಗಿ ನಡೆದದ್ದು ಪೆನ್ಸಿಲಿನಲ್ಲಿ ಮಾತ್ರ ಇತ್ತು. ಅದನ್ನೇ ನಾನು ಕೊಳೆ ಎಂದು ಉಜ್ಜಿ ತೆಗೆದಿದ್ದೆ. ಅಷ್ಟೊತ್ತಿಗೆ ಇನ್ನೂ ಐದು ಪ್ರೋಗ್ರಾಂಗಳಿಗೂ ಹಾಗೇ ಮಾಡಿದ್ದೆ.

ಅತ್ತೆ ಬೈಯಲಿಲ್ಲ. ಪ್ರೋಗ್ರಾಂ ಮಡಚಿ ಕೈಯಲ್ಲೇ ಇಟ್ಟುಕೊಂಡು ಕೂತರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜುಲೈ 21 – 23

ಪೆನ್ಸಿಲ್ ಒತ್ತಿ ಬರೆದಿದ್ದರೆ ಕಾಗದದಲ್ಲಿ ಗೀರು ಉಳಿದಿರುತ್ತದೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಕಾಗದದ ಮಟ್ಟಕ್ಕೇ ಮಲಗಿಸಿ, ಬೆಳಕನ್ನು ಪಕ್ಕದಿಂದ ಹಾಯಿಸಿದೆ. ಮೊಬೈಲನ್ನು ಎರಡು ಡಬ್ಬಗಳ ಮೇಲೆ ಅಲುಗಾಡದ ಹಾಗೆ ಇಟ್ಟು ಫೋಟೋ ತೆಗೆದೆ. ಟಾರ್ಚನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಇಟ್ಟು ನಾಲ್ಕು ಫೋಟೋ. ಒಂದು ದಿಕ್ಕಿನಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಕಾಣುತ್ತದೆ.

‘ರಾಮಾಯಣ’ದ ಅಂಚಿನಲ್ಲಿ ಹದಿನಾಲ್ಕು ಪದಗಳ ಗೀರು ಕಂಡಿತು. ಒಂಬತ್ತು ಓದಲು ಸಿಕ್ಕವು. “ಕೈ ಬಗ್ಗಲೇ ಇಲ್ಲ. ಗೊಂಬೆಯೇ.” ಇದು ಸ್ಪಷ್ಟವಾಗಿತ್ತು. ಇನ್ನೊಂದು ಸಾಲಿನಲ್ಲಿ ‘ಅಪ್ಪ’ ಎನ್ನುವ ಪದ ಮಾತ್ರ. ಅತ್ತೆಗೆ ಹೇಳಿದೆ. “ಅಪ್ಪ ಅಳ್ತಾ ಇದ್ದರು ಅಂತ ಬರ್ದಿದ್ದೆ. ಸೀತೆಯ ಭಾಗದಲ್ಲಿ” ಅಂದರು. ನನ್ನ ಅಜ್ಜ ಅವರು. ಅಜ್ಜ ಅತ್ತದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಆರರಲ್ಲಿ ನಾಲ್ಕರ ಬರಹ ಅರ್ಧಂಬರ್ಧ ಸಿಕ್ಕಿತು. ಎರಡರಲ್ಲಿ ಏನೂ ಇಲ್ಲ. ಅವು ಮೆತ್ತನೆಯ ಪೆನ್ಸಿಲಿನಲ್ಲಿ ಹಗುರವಾಗಿ ಬರೆದವು.

ಅಂದಿನಿಂದ ಕ್ರಮ ಬದಲಾಯಿತು. ಮೊದಲು ಎರಡೂ ಬದಿಯ ಫೋಟೋ, ಆಮೇಲೆ ಶುಚಿ. ಬರಹ ಇರುವ ಕಡೆ ರಬ್ಬರ್ ಇಲ್ಲವೇ ಇಲ್ಲ. ಕೊಳೆ ಇದ್ದರೆ ಇರಲಿ.

ಆಗಸ್ಟ್ 3 – 30

*ಪಿನ್ನು.* ಹಳೆ ಪುಸ್ತಿಕೆಗಳ ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಕಾಗದವನ್ನೇ ತಿಂದಿರುತ್ತದೆ. ಮೊದಲ ಎರಡನ್ನು ಆಫೀಸಿನ ಪಿನ್ ಕೀಳುವ ಇಕ್ಕಳದಿಂದ ಎಳೆದೆ, ಮಡಿಕೆಯೇ ಹರಿದು ಬಂತು. ಸರಿಯಾದ ದಾರಿ ಬೇರೆ. ಮಧ್ಯದ ಪುಟ ತೆರೆದು, ಪಿನ್ನಿನ ಕಾಲಿನ ಕೆಳಗೆ ತೆಳ್ಳನೆಯ ಪ್ಲಾಸ್ಟಿಕ್ ಚೂರು ತೂರಿಸಿ, ಮೊಂಡು ಚಾಕುವಿನ ತುದಿಯಿಂದ ಒಂದೊಂದೇ ಕಾಲನ್ನು ನೆಟ್ಟಗೆ ಮಾಡಿ, ಹೊರಗಿನಿಂದ ಮೆಲ್ಲಗೆ ಎತ್ತಬೇಕು. ತುಕ್ಕಿನಿಂದ ಕಾಲು ತುಂಡಾದರೆ ತುಂಡಾಗಲಿ. 112 ಪುಸ್ತಿಕೆಗಳ ಪಿನ್ನು ತೆಗೆದೆ. ಹಳೆ ತೂತುಗಳಲ್ಲೇ ಮೇಣ ಹಚ್ಚದ ಹತ್ತಿ ದಾರದಿಂದ ಸಡಿಲವಾಗಿ ಹೊಲಿದೆ.

*ಅಂಟು.* ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ. ಅತ್ತೆಯೇ 1970ರ ಆಸುಪಾಸಿನಲ್ಲಿ ಹಚ್ಚಿದ್ದ ಟೇಪ್ ಉದುರಿಹೋಗಿ, ಅದರ ಅಂಟು ಕಂದು ಪಟ್ಟಿಯಾಗಿ ಕಾಗದದೊಳಗೆ ಇಳಿದಿದೆ. ಅದನ್ನು ತೆಗೆಯಲು ಮನೆಯಲ್ಲಿ ದಾರಿಯಿಲ್ಲ. ಲ್ಯಾಮಿನೇಷನ್ ಕೂಡ ಹಾಗೇ. ಒಮ್ಮೆ ಬಿಸಿಯಲ್ಲಿ ಅಂಟಿಸಿದರೆ ಮುಗಿಯಿತು, ವಾಪಸ್ ಬರಲಾಗುವುದಿಲ್ಲ.

ನಾನು ಮೊದಲು ಮೈದಾ ಗೋಂದು ಮಾಡಿದೆ. ಒಣಗಿದ ಮೇಲೆ ಕಾಗದ ಸೆಟೆದು ಸುರುಟಿತು. ಮೂರನೇ ದಿನ ಜಿರಳೆ ಆ ಪಟ್ಟಿಯನ್ನೇ ನೆಕ್ಕಿತ್ತು. ಮೈದಾದಲ್ಲಿ ಅಂಟಂಟಾದ ಸತ್ವ ಉಳಿದಿರುತ್ತದೆ, ಹುಳಕ್ಕೆ ಅದೇ ಊಟ. ಬೇಕಾಗಿರುವುದು ಗೋಧಿಯ ಬರೀ ಪಿಷ್ಟ. ಅದನ್ನು ತರಿಸಲು ಎಲ್ಲೆಲ್ಲೋ ಹುಡುಕುತ್ತಿದ್ದೆ. ಅತ್ತೆ ಕೇಳಿಸಿಕೊಂಡು, “ಅದೆಂಥ ದೊಡ್ಡ ಸಂಗತಿ? ಹಲ್ವಕ್ಕೆ ಗೋಧಿಹಾಲು ತೆಗೀತೇವಲ್ಲ, ಅದೇ!” ಅಂದರು.

ಅದೇ ಹೌದು. ಕಾಲು ಕಿಲೋ ಗೋಧಿಯನ್ನು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಾಯಿಸಿ, ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿದೆ. ಹಾಲನ್ನು ರಾತ್ರಿಯಿಡೀ ಅಲುಗಿಸದೆ ಇಟ್ಟೆ. ಬೆಳಿಗ್ಗೆ ಮೇಲಿನ ಹಳದಿ ನೀರು ಚೆಲ್ಲಿದರೆ ತಳದಲ್ಲಿ ಬೆಳ್ಳನೆಯ ಗಟ್ಟಿ ಪಿಷ್ಟ. ಇನ್ನೆರಡು ಸಲ ನೀರು ಹಾಕಿ ಹಾಗೇ ತಿಳಿ ತೆಗೆದೆ. ಒಂದು ಚಮಚ ಪಿಷ್ಟಕ್ಕೆ ಐದು ಚಮಚ ನೀರು. ಸಣ್ಣ ಉರಿಯಲ್ಲಿ 25 ನಿಮಿಷ ಕೈ ಬಿಡದೆ ತಿರುವಿದೆ. ಆರಿದ ಮೇಲೆ ಟೀ ಜಾಲರಿಯಲ್ಲಿ ಮೂರು ಸಲ ಸೋಸಿದೆ. ಫ್ರಿಜ್ಜಿನಲ್ಲಿ ನಾಲ್ಕು ದಿನ ಬರುತ್ತದೆ. ಆಮೇಲೆ ಹುಳಿ ವಾಸನೆ. ಈ ಅಂಟು ನೀರು ತಾಗಿಸಿದರೆ ಮತ್ತೆ ಬಿಟ್ಟುಕೊಳ್ಳುತ್ತದೆ. ಮುಂದೆ ಯಾರಾದರೂ ನನ್ನ ರಿಪೇರಿಯನ್ನು ಬಿಚ್ಚಬೇಕೆಂದರೆ ಬಿಚ್ಚಬಹುದು. ಅದು ನನಗೆ ತುಂಬ ಮುಖ್ಯ ಅನ್ನಿಸಿತು.

ಹರಿದ ಕಡೆಗೆ ಜಪಾನಿ ಟಿಶ್ಯೂ, ತೆಳ್ಳಗಿದ್ದರೂ ಗಟ್ಟಿಯಾದ ನಾರಿನ ಕಾಗದ. ಆನ್‌ಲೈನಿನಲ್ಲಿ ಶೀಟಿಗೆ 190, ಆರು ತರಿಸಿದೆ. ಕತ್ತರಿಸಬಾರದು. ಒದ್ದೆ ಬ್ರಶ್ಶಿನಿಂದ ಗೆರೆ ಹಾಕಿ, ಆ ಗೆರೆಯಲ್ಲಿ ಕೈಯಿಂದ ಹರಿಯಬೇಕು, ಆಗ ಅಂಚಿನಲ್ಲಿ ನಾರು ನಾರಾಗಿ ಹರಿದು ಕಾಗದದೊಂದಿಗೆ ಬೆರೆಯುತ್ತದೆ. ಎಂಟು ಮಿಲಿಮೀಟರ್ ಅಗಲ ಸಾಕು. ಮೇಲೆ ತೆಳು ಪಾಲಿಯೆಸ್ಟರ್ ಬಟ್ಟೆ, ಬ್ಲಾಟಿಂಗ್ ಪೇಪರ್, ಒಂದು ಗಾಜು, ಅದರ ಮೇಲೆ ಒಂದು ಕಿಲೋ ರವೆಯ ಪ್ಯಾಕೆಟ್. ಹತ್ತು ನಿಮಿಷಕ್ಕೆ ಬ್ಲಾಟಿಂಗ್ ಬದಲಾಯಿಸಿ. ಒಟ್ಟು 40 ನಿಮಿಷ. ಶಾಯಿ ಇರುವ ಕಡೆ ಮೊದಲು ಒಂದು ಹನಿ ನೀರನ್ನು ಹತ್ತಿಯಲ್ಲಿ ಮುಟ್ಟಿಸಿ ನೋಡಿ, ಬಣ್ಣ ಬಿಟ್ಟರೆ ಅಲ್ಲಿ ಅಂಟು ಬೇಡ.

ಸೆಪ್ಟೆಂಬರ್ 5

ತೆಳು ಪ್ರೋಗ್ರಾಂಗಳಿಗೆ ಪಾರದರ್ಶಕ ಕವರ್ ಬೇಕಿತ್ತು. ಅದು ಪಾಲಿಯೆಸ್ಟರ್ ಆಗಿರಬೇಕು. ಪಿವಿಸಿ ಆದರೆ ವರ್ಷಗಳಲ್ಲಿ ಜಿಗುಟಾಗಿ ಶಾಯಿಯನ್ನು ಎಬ್ಬಿಸುತ್ತದೆ, ಆಮ್ಲವನ್ನೂ ಬಿಡುತ್ತದೆ. ಒಂದು ಅಂಗಡಿಯಲ್ಲಿ ಕೇಳಿದೆ. “ಪಾಲಿಯೆಸ್ಟರ್ರೇ” ಅಂದರು. 200 ಕವರ್, ಒಂದಕ್ಕೆ 9 ರೂಪಾಯಿ. ಮನೆಗೆ ತಂದು ಬಿಚ್ಚಿದಾಗ ಹೊಸ ಶವರ್ ಕರ್ಟನ್ನಿನ ವಾಸನೆ ಬಂತು.

ಪರೀಕ್ಷೆ ಸುಲಭ. ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ. ಕವರಿನ ಅಂಚಿಗೆ ತಾಗಿಸಿ, ಸ್ವಲ್ಪ ಪ್ಲಾಸ್ಟಿಕ್ ಹತ್ತಿಕೊಳ್ಳಲಿ. ತಂತಿಯನ್ನು ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಅಂದರೆ ಪಿವಿಸಿ. ಕಿಟಕಿ ತೆರೆದಿರಲಿ, ಆ ಹೊಗೆ ಕುಡಿಯಬೇಡಿ.

ಉರಿ ಗಿಳಿಹಸಿರಾಯಿತು. 1,800 ರೂಪಾಯಿ ಹೋಯಿತು. ಒಂದು ಕವರ್ ಕೊಂಡು ಪರೀಕ್ಷಿಸಿ ಆಮೇಲೆ 200 ತರಬೇಕಿತ್ತು. ಎರಡನೇ ಸಲ ಪಾಲಿಯೆಸ್ಟರ್ ಫಿಲ್ಮಿನ ರೋಲ್ ತಂದೆ, 75 ಮೈಕ್ರಾನ್, 1,950 ರೂಪಾಯಿ. ಮೊದಲು ತಂತಿ ಪರೀಕ್ಷೆ, ಆಮೇಲೆ ದುಡ್ಡು. ಅಗತ್ಯಕ್ಕೆ ತಕ್ಕ ಹಾಗೆ ಮಡಚಿ ಕವರ್ ಮಾಡಿಕೊಂಡೆ. ಎರಡು ಬದಿ ಮುಚ್ಚಿ ಎರಡು ಬದಿ ತೆರೆದಿಟ್ಟೆ.

ಸೆಪ್ಟೆಂಬರ್ 10 – ಅಕ್ಟೋಬರ್ 12

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಇದು. ಇಸವಿ ಕಂಡುಹಿಡಿಯುವುದು.

ಪ್ರೋಗ್ರಾಂ ಅಚ್ಚು ಹಾಕಿಸುವವರು ವಾರ, ತಾರೀಕು, ಗಂಟೆ ಎಲ್ಲ ಹಾಕುತ್ತಾರೆ, ಇಸವಿ ಹಾಕುವುದಿಲ್ಲ! ಮುಂದಿನ ಶನಿವಾರದ ಕಾರ್ಯಕ್ರಮಕ್ಕೆ ಇಸವಿ ಯಾಕೆ ಬೇಕು, ಅಲ್ವಾ? ನಮ್ಮ 231ರಲ್ಲಿ 97ಕ್ಕೆ ಇಸವಿಯೇ ಇರಲಿಲ್ಲ.

ಒಂದು ಉದಾಹರಣೆ. ನಾಲ್ಕು ಪುಟದ ಪ್ರೋಗ್ರಾಂ, ಮಾಟುಂಗಾದ ಒಂದು ನೃತ್ಯ ಶಾಲೆಯ ಮಕ್ಕಳ ಬ್ಯಾಲೆ. ‘ಶನಿವಾರ, ಮಾರ್ಚ್ 14’ ಎಂದಷ್ಟೇ ಇದೆ. ಆ ಕಾಲದಲ್ಲಿ ಮಾರ್ಚ್ 14 ಶನಿವಾರ ಬಂದದ್ದು 1953, 1959, 1964, 1970ರಲ್ಲಿ. ಟಿಕೆಟ್ ದರ ‘1 ರೂ. 50 ನ.ಪೈ.’ ಎಂದಿದೆ, ಅಂದರೆ ನಯಾ ಪೈಸೆ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು, ಅದಕ್ಕೂ ಮೊದಲು ಆಣೆ. ಹಾಗಾಗಿ 1953 ಹೋಯಿತು. ‘ನಯಾ’ ಎನ್ನುವ ಪದವನ್ನು 1964ರ ಜೂನ್‌ನಲ್ಲಿ ಕೈಬಿಟ್ಟರು. 1970 ಹೋಯಿತು. ಉಳಿದದ್ದು 1959 ಮತ್ತು 1964. ಹಿಂಬದಿಯ ಜಾಹೀರಾತಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಬಾಂಬೆ ರಾಜ್ಯದಾದ್ಯಂತ ಸಿಗುತ್ತದೆ’ ಎಂದಿದೆ. ಬಾಂಬೆ ರಾಜ್ಯ ಒಡೆದು ಮಹಾರಾಷ್ಟ್ರ, ಗುಜರಾತ್ ಆದದ್ದು 1960ರ ಮೇ 1ರಂದು. ಹಾಗಾದರೆ 1959. ಅತ್ತೆಯನ್ನು ಕೇಳಿದೆ. “ಹೌದು, ಆ ವರ್ಷ ನನ್ನ ಕೆಲಸ ಖಾಯಂ ಆಗಿತ್ತು. ಟಿಕೆಟ್ ನನ್ನದೇ ದುಡ್ಡಲ್ಲಿ” ಅಂದರು.

ನನಗೆ ಉಪಯೋಗಕ್ಕೆ ಬಂದ ಇನ್ನಷ್ಟು ಗುರುತುಗಳು ಇವು. ವಿಳಾಸದಲ್ಲಿ ‘ಬಾಂಬೆ-19’ ಎಂದಿದ್ದರೆ ಹಳೆಯದು, ‘400 019’ ಎಂದಿದ್ದರೆ 1972ರ ಆಗಸ್ಟ್ 15ರ ನಂತರದ್ದು, ಪಿನ್‌ಕೋಡ್ ಬಂದದ್ದು ಆಗ. ಷಣ್ಮುಖಾನಂದ ಸಭಾಗೃಹದ ಹೆಸರಿದ್ದರೆ 1963ಕ್ಕಿಂತ ಹಿಂದಿನದಲ್ಲ. ಮುಂಬೈಯ ಕಲಾಕೇಂದ್ರ ಎನ್‌ಸಿಪಿಎಯ ಟಾಟಾ ಥಿಯೇಟರ್ ಎಂದರೆ 1980 ಅಥವಾ ಆಮೇಲೆ. ‘ಮೈಸೂರು ರಾಜ್ಯದಿಂದ ಬಂದ ಕಲಾವಿದರು’ ಎಂದಿದ್ದರೆ 1973ರ ನವೆಂಬರ್ 1ರ ಮೊದಲು, ಏಕೆಂದರೆ ಆಮೇಲೆ ಅದು ಕರ್ನಾಟಕ. ನಮ್ಮವರ ಪ್ರೋಗ್ರಾಂಗಳಲ್ಲಿ ಈ ಕೊನೆಯ ಗುರುತು ಏಳು ಕಡೆ ಸಿಕ್ಕಿತು.

ಇಲ್ಲೂ ಒಂದು ತಪ್ಪು ಮಾಡಿದೆ. ‘ಬಾಂಬೆ-19’ ಕಂಡ ತಕ್ಷಣ 1972ಕ್ಕಿಂತ ಹಿಂದಿನದು ಎಂದು ಬರೆದು ಹನ್ನೊಂದು ಪ್ರೋಗ್ರಾಂ ಮುಗಿಸಿದ್ದೆ. ಅದರಲ್ಲಿ ಒಂದರ ಒಳಪುಟದಲ್ಲಿ ಇನ್ನೊಂದು ಅಂಗಡಿಯ ವಿಳಾಸಕ್ಕೆ ‘400 022’ ಎಂದಿತ್ತು. ಹಳೆ ವಿಳಾಸವನ್ನು ಜನ ಎಷ್ಟೋ ವರ್ಷ ಹಾಗೇ ಅಚ್ಚು ಹಾಕಿಸುತ್ತಿದ್ದರು. ಹನ್ನೊಂದನ್ನೂ ಮತ್ತೆ ನೋಡಬೇಕಾಯಿತು, ಮೂರರ ಇಸವಿ ಬದಲಾಯಿತು. ಒಂದೇ ಕಾಗದದಲ್ಲಿ ಎರಡು ಗುರುತು ಜಗಳವಾಡಿದರೆ, ಎಲ್ಲಕ್ಕಿಂತ ಹೊಸ ಗುರುತನ್ನು ನಂಬಬೇಕು.

97ರಲ್ಲಿ 71ಕ್ಕೆ ಇಸವಿ ಸಿಕ್ಕಿತು. ಉಳಿದವಕ್ಕೆ ‘1957–60ರ ನಡುವೆ’ ಎನ್ನುವ ಹಾಗೆ ಬರೆದಿದ್ದೇನೆ. ಊಹೆ ಮಾಡಿ ಒಂದು ಇಸವಿ ತುಂಬಿಸಲು ಮನಸ್ಸು ಬರಲಿಲ್ಲ.

ಅಕ್ಟೋಬರ್ 13 – 20

ಜೋಡಿಸುವುದು ಹೇಗೆ? ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನ ರಂಗಭೂಮಿ ಸಂಗ್ರಹ ಶುರುವಾದದ್ದೇ ಗೇಬ್ರಿಯೆಲ್ ಎಂಥೋವನ್ ಎನ್ನುವ ಮಹಿಳೆ 1924ರಲ್ಲಿ ಕೊಟ್ಟ ಪ್ಲೇಬಿಲ್, ಪ್ರೋಗ್ರಾಂಗಳಿಂದ. ಒಬ್ಬ ಪ್ರೇಕ್ಷಕಿ ಕೂಡಿಟ್ಟ ಕಾಗದಗಳು. ನನಗೆ ಅತ್ತೆಯ ಟ್ರಂಕ್ ನೆನಪಾಯಿತು. ಅಲ್ಲಿ ಥಿಯೇಟರ್ ಪ್ರಕಾರ, ಅದರೊಳಗೆ ತಾರೀಕಿನ ಪ್ರಕಾರ ಜೋಡಿಸುತ್ತಾರೆ. ನಾನೂ ಹಾಗೇ ಮಾಡಿದೆ. ರಂಗಭವನ, ಬಿರ್ಲಾ ಮಾತುಶ್ರೀ, ತೇಜಪಾಲ್, ಷಣ್ಮುಖಾನಂದ, ಮೈಸೂರು ಅಸೋಸಿಯೇಷನ್.

ಎರಡು ದಿನದಲ್ಲಿ ಕೆಟ್ಟಿತು. ನಮ್ಮಲ್ಲಿ ಎಷ್ಟೋ ಕಾರ್ಯಕ್ರಮ ಶಾಲೆಯ ಅಂಗಳದಲ್ಲಿ, ಗಣೇಶೋತ್ಸವದ ಪೆಂಡಾಲಿನಲ್ಲಿ, ಮೈದಾನದಲ್ಲಿ ನಡೆದಿವೆ. ಒಂದು ಪೆಟ್ಟಿಗೆ ತುಂಬ ‘ಇತರೆ’ ಆಯಿತು. ಇನ್ನೊಂದು ಯೋಚನೆ ತಂಡದ ಪ್ರಕಾರ. ಆದರೆ ಸಚಿನ್ ಶಂಕರ್ ಅವರ ಬ್ಯಾಲೆ ಯೂನಿಟ್ಟಿನಂಥವರದು ಐದಾರು ಸಿಗುತ್ತವೆ, ಬಾಕಿ ಎಲ್ಲ ಒಂದೊಂದೇ.

ಕೊನೆಗೆ ಬರೀ ತಾರೀಕಿನ ಕ್ರಮ. ಪ್ರತಿಯೊಂದಕ್ಕೂ ‘1959-03-14-087’ ಎನ್ನುವ ಹಾಗೆ ಒಂದು ನಂಬರ್. ಫೋಲ್ಡರಿನ ಮೇಲೆ ಪೆನ್ಸಿಲಿನಲ್ಲಿ, ಪ್ರೋಗ್ರಾಂ ಮೇಲೆ ಏನೂ ಇಲ್ಲ. ತಂಡ, ಸಭಾಗೃಹ, ಕುಣಿದವರು, ಹಿಮ್ಮೇಳದವರು, ಪ್ರೆಸ್ಸಿನ ಹೆಸರು, ಪೆನ್ಸಿಲ್ ಬರಹ, ಇವೆಲ್ಲ ಕಂಪ್ಯೂಟರಿನ ಪಟ್ಟಿಯಲ್ಲಿ ಬೇರೆ ಬೇರೆ ಕಾಲಂ. ಹುಡುಕುವುದು ಅಲ್ಲಿ. ಈ ಕ್ರಮದಿಂದ ಒಂದು ಲಾಭ ಆಯಿತು, ನಾನು ನಿರೀಕ್ಷಿಸಿರಲಿಲ್ಲ. ಒಂದೇ ತಿಂಗಳಲ್ಲಿ ಅತ್ತೆ ಮಣಿಪುರಿ ನೋಡಿದ್ದಾರೆ, ವಿದೇಶದ ಬ್ಯಾಲೆ ನೋಡಿದ್ದಾರೆ, ಯಕ್ಷಗಾನದ ತಾಳಮದ್ದಲೆಗೂ ಹೋಗಿದ್ದಾರೆ. ಅವು ಅಕ್ಕಪಕ್ಕ ಕೂತಾಗ ಆ ಕಾಲದ ಮುಂಬೈ ಎದುರಿಗೆ ಬಂದ ಹಾಗಾಯಿತು.

ಅಕ್ಟೋಬರ್ 22 – ನವೆಂಬರ್ 9

ಸ್ಕ್ಯಾನಿಂಗ್. ಮನೆಯಲ್ಲಿದ್ದ ಫ್ಲಾಟ್‌ಬೆಡ್ ಸ್ಕ್ಯಾನರ್. ಮೊದಲ 30ನ್ನು 200 ಡಿಪಿಐ (ಇಂಚಿಗೆ 200 ಚುಕ್ಕಿ), ಜೆಪೆಗ್‌ನಲ್ಲಿ ಮಾಡಿದೆ. ಫೋಟೋಗಳ ಮೇಲೆಲ್ಲ ರೇಷ್ಮೆ ಸೀರೆಯ ಅಲೆಯ ಹಾಗೆ ಪಟ್ಟೆ ಬಂತು. ಆ ಕಾಲದ ಫೋಟೋಗಳನ್ನು ಬ್ಲಾಕ್ ಮಾಡಿಸಿ ಚುಕ್ಕಿಗಳಲ್ಲಿ ಅಚ್ಚು ಹಾಕುತ್ತಿದ್ದರು. ಸ್ಕ್ಯಾನರಿನ ಚುಕ್ಕಿಗೂ ಬ್ಲಾಕಿನ ಚುಕ್ಕಿಗೂ ಹೊಂದದಿದ್ದರೆ ಹೀಗಾಗುತ್ತದೆ. 30ನ್ನೂ ಮತ್ತೆ ಮಾಡಿದೆ, 400 ಡಿಪಿಐ ಟಿಫ್, ಫೋಟೋ ಇರುವ ಪುಟ 600. ಎ4 ಸೈಜಿನ ಒಂದು ಬಣ್ಣದ ಪುಟ 400ರಲ್ಲಿ ಸುಮಾರು 46 ಎಂಬಿ. ಖಾಲಿ ಪುಟ, ಜಾಹೀರಾತು, ಒಳಗೆ ಸಿಕ್ಕ ಟಿಕೆಟ್ ತುಂಡು, ಒಣಗಿದ ಮಲ್ಲಿಗೆ ಮೊಗ್ಗು ಅಂಟಿದ್ದ ಪುಟ, ಯಾವುದನ್ನೂ ಬಿಡಲಿಲ್ಲ. ಎರಡು ಹಾರ್ಡ್ ಡಿಸ್ಕಿನಲ್ಲಿ ಪ್ರತಿ. ಒಂದು ಇಲ್ಲಿ, ಇನ್ನೊಂದು ಡೊಂಬಿವಿಲಿಯಲ್ಲಿ ತಂಗಿಯ ಮನೆಯಲ್ಲಿ.

ಪೆಟ್ಟಿಗೆ: ರಬ್ಬರ್ ಸುತ್ತಿರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ನಾಲ್ಕು, ಒಂದಕ್ಕೆ 780. ಒಳಗೆ ಆಮ್ಲವಿಲ್ಲದ ಕಾರ್ಡಿನ ಫೋಲ್ಡರುಗಳು. ಆಮ್ಲ ಇದೆಯೇ ಎಂದು ತೋರಿಸುವ ಪಿಎಚ್ ಪೆನ್ನಿನಿಂದ ಗೆರೆ ಎಳೆದು, ನೇರಳೆ ಬಣ್ಣ ಬಂದ ಮೇಲಷ್ಟೇ ಕೊಂಡೆ. ಜುಲೈಯಲ್ಲಿ ನಮ್ಮ ಕೋಣೆಯ ತೇವಾಂಶ ಶೇಕಡಾ 84 ಇತ್ತು. ಡಬ್ಬದಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ಇಟ್ಟ ಮೇಲೆ 48ಕ್ಕೆ ನಿಂತಿದೆ. 65 ದಾಟಿದರೆ ಬೂಷ್ಟಿನ ಭಯ. ಕಿತ್ತಳೆ ಬಣ್ಣದ ಜೆಲ್ ತೆಗೆದುಕೊಳ್ಳಿ, ತೇವ ಹೀರಿದಾಗ ಹಸಿರಾಗುತ್ತದೆ. ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟರೆ ಮತ್ತೆ ಕಿತ್ತಳೆ. ಡಬ್ಬಗಳು ಈಗ ಲಾಫ್ಟಿನಲ್ಲಿಲ್ಲ. ಹೊರಗೋಡೆಗೆ ತಾಗದ ಕಪಾಟಿನಲ್ಲಿ, ನೆಲದಿಂದ ಒಂದಡಿ ಮೇಲೆ ಇವೆ.

ಒಟ್ಟು ಖರ್ಚು 24,180 ರೂಪಾಯಿ. ಅದರಲ್ಲಿ ಹಾರ್ಡ್ ಡಿಸ್ಕಿಗೇ 8,600. ವ್ಯರ್ಥವಾದ ಕವರಿನ 1,800 ಕೂಡ ಅದರಲ್ಲೇ ಸೇರಿದೆ.

ನವೆಂಬರ್ 16

ಆ ಒಂಬತ್ತು ಪುಸ್ತಿಕೆಗಳ ಕಟ್ಟು. ಒಂದು ಮೂಲೆಯನ್ನು ತೇವದ ಬ್ಲಾಟಿಂಗಿನಲ್ಲಿ ಒಂದು ದಿನ ಇಟ್ಟು, ತೆಳು ಅಲಗು ತೂರಿಸಿ ನೋಡಿದೆ. ಮೇಲಿನ ಹಾಳೆಯ ಅಕ್ಷರ ಕೆಳಗಿನದಕ್ಕೆ ಅಂಟಿಕೊಂಡು ಕಿತ್ತು ಬಂತು. ಉಗುರಿನಷ್ಟು ಜಾಗ ಹೋಯಿತು. ನಿಲ್ಲಿಸಿಬಿಟ್ಟೆ. ಇದು ಮನೆಯಲ್ಲಿ ಆಗುವ ಕೆಲಸವಲ್ಲ.

ಅದರಲ್ಲಿ ಏನೇನಿತ್ತು ಎಂದು ಅತ್ತೆಯನ್ನು ಕೇಳಿದೆ. ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು, ಅಂಚುಗಳ ಬಣ್ಣವನ್ನು ಬೆರಳಲ್ಲಿ ಮುಟ್ಟುತ್ತಾ ಹೇಳಿದರು. ಈ ನೀಲಿ ಅಮೆರಿಕದ ಆಧುನಿಕ ನೃತ್ಯದ ಮಾರ್ಥಾ ಗ್ರಹಾಂ ತಂಡ ಬಂದಾಗಿನದು. 1955–56ರಲ್ಲಿ ಆ ತಂಡ ಏಷ್ಯಾ ಸುತ್ತಿತ್ತು. “ಬರಿಗಾಲಲ್ಲಿ ಕುಣಿದರು ಮಗಾ. ನೆಲಕ್ಕೆ ಬೀಳೋದೇ ಒಂದು ಅಡವು ಅವರಿಗೆ.” ಈ ಕೆಂಪು ಮಣಿಪುರಿ ಕುಣಿಯುತ್ತಿದ್ದ ಝವೇರಿ ಸಹೋದರಿಯರದು. ಈ ಹಳದಿ ಅಂಚು ಕಥಕ್‌ನ ದಮಯಂತಿ ಜೋಶಿ. ಹೀಗೆ ಏಳು ಹೇಳಿದರು. ಯಾರು ಏನು ಕುಣಿದರು, ಯಾರ ಜೊತೆ ಹೋಗಿದ್ದೆ, ಎಲ್ಲಿ ಕೂತಿದ್ದೆ ಎನ್ನುವುದನ್ನೂ ಹೇಳಿದರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ, 52 ನಿಮಿಷ. ಅದೇ ರಾತ್ರಿ ಬರೆದು ಪಟ್ಟಿಗೆ ಸೇರಿಸಿದೆ. ಮೂಲದ ಕಾಲಂನಲ್ಲಿ ‘ಅತ್ತೆಯ ನೆನಪು’ ಎಂದು ಹಾಕಿದ್ದೇನೆ.

ಎರಡು ಬಿಳಿ ಅಂಚಿನವು ಯಾವುದೆಂದು ಅತ್ತೆಗೆ ಹೊಳೆಯುತ್ತಿಲ್ಲ. ಊಟದ ಹೊತ್ತಿನಲ್ಲಿ ಒಮ್ಮೊಮ್ಮೆ ಕೈ ನಿಲ್ಲಿಸಿ ಯೋಚಿಸುತ್ತಾರೆ. ಕಟ್ಟನ್ನು ಬ್ಲಾಟಿಂಗಿನಲ್ಲಿ ಸುತ್ತಿ ನಾಲ್ಕನೇ ಡಬ್ಬದಲ್ಲಿ ಇಟ್ಟಿದ್ದೇನೆ. ಮೇಲೆ 223ರಿಂದ 231ರವರೆಗೆ ನಂಬರ್ ಹಾಕಿದೆ. 230 ಮತ್ತು 231ರ ಮುಂದೆ ಖಾಲಿ ಇದೆ.